ಛರ್ರೆಗಳ ಚರಿತ್ರೆ

ನಾಗಪುರದ ಹಳೆಯ ಸೈಕಲ್ ಅಂಗಡಿಗಳಲ್ಲಿ ಬೇರಿಂಗ್ ಎಂದರೆ ಸಾಲದು, ‘ಛರ್ರೆ’ ಎನ್ನಬೇಕು. ಬಂದೂಕಿನ ಚಿಕ್ಕ ಗುಂಡಿಗೂ ಇಲ್ಲಿ ಇದೇ ಹೆಸರು. ನಮ್ಮ ಕಡೆ ಇವನ್ನೇ ‘ಬಾಲ್ಸು’ ಎನ್ನುತ್ತೇವೆ. ನಮ್ಮ ಸಾದಾ ಕಪ್ಪು ಸೈಕಲ್ಲಿನ ಮುಂದಿನ ಚಕ್ರದ ಹಬ್ಬಿನಲ್ಲಿ ಒಂದೊಂದು ಬದಿಗೆ 3/16 ಅಂಗುಲದ 10 ಗುಂಡುಗಳು, ಹಿಂದಿನದರಲ್ಲಿ 1/4 ಅಂಗುಲದ ಒಂಬತ್ತೊಂಬತ್ತು. ಒಟ್ಟು 38. ಸವಾರ, ಮುಂದಿನ ಬಾರಿನ ಮೇಲೆ ಕೂತ ಮಗು, ಕ್ಯಾರಿಯರಿನ ಅಕ್ಕಿ ಮೂಟೆ ಎಲ್ಲದರ ಭಾರ ಈ 38 ಗುಂಡುಗಳ ಮೇಲೆ.

ಗುಂಡುಗಳ ಮೇಲೆ ಅಚ್ಚನ್ನು ಕೂರಿಸುವ ಯೋಚನೆ ಸೈಕಲ್ಲಿಗಿಂತ ಹಳೆಯದು. ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಕುದುರೆಗಾಡಿಯ ಅಚ್ಚಿಗೆಂದು ಪೇಟೆಂಟ್ ಪಡೆದಿದ್ದ. ಆದರೆ ಅದಕ್ಕೆ ನಿಜವಾದ ಗಿರಾಕಿ ಸಿಕ್ಕಿದ್ದು ಸೈಕಲ್ ಬಂದ ಮೇಲೆ. ಗಾಡಿ ಭಾರವಾದರೆ ಕಷ್ಟ ಕುದುರೆಗೆ; ಸೈಕಲ್ ಭಾರವಾದರೆ ತುಳಿಯುವವನ ಮೊಣಕಾಲಿಗೆ. 1869ರಲ್ಲಿ ಪ್ಯಾರಿಸ್ಸಿನ ಮೆಕ್ಯಾನಿಕ್ ಜೂಲ್ ಸುರಿರೇ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷದ ನವೆಂಬರ್ 7ರಂದು ನಡೆದ ಪ್ಯಾರಿಸ್–ರುವಾನ್ ಓಟವನ್ನು ಜೇಮ್ಸ್ ಮೂರ್ ಗೆದ್ದದ್ದು ಆ ಬೇರಿಂಗಿದ್ದ ಸೈಕಲ್ಲಿನ ಮೇಲೆ. ಸುಮಾರು 123 ಕಿಲೋಮೀಟರ್, ಹತ್ತು ಗಂಟೆಗೂ ಹೆಚ್ಚು ತುಳಿತ.

ತೊಡಕು ಇದ್ದದ್ದು ಗುಂಡನ್ನು ಗುಂಡಗೆ ಮಾಡುವುದರಲ್ಲಿ. ಹತ್ತರಲ್ಲಿ ಒಂದು ಗುಂಡು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೇ ಬೀಳುತ್ತದೆ, ಉಳಿದ ಒಂಬತ್ತು ಸುಮ್ಮನೆ ಮೆರವಣಿಗೆ ಹೋಗುತ್ತವೆ. ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಷ್ ಫಿಷರ್ 1883ರಲ್ಲಿ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ ಮೇಲೆ ಈ ತೊಡಕು ಬಗೆಹರಿಯಿತು. ಒಂದೆರಡು ಛರ್ರೆ ಒಡೆದಿದ್ದರೂ ಪೂರ್ತಿ ಸೆಟ್ ಬದಲಿಸಿ ಎಂದು ಒಳ್ಳೆಯ ಮೆಕ್ಯಾನಿಕ್ ಹೇಳಿದರೆ ಅದು ವ್ಯಾಪಾರದ ಮಾತೆಂದುಕೊಳ್ಳಬೇಡಿ. ಸವೆದ ಎಂಟರ ನಡುವೆ ಹೊಸ ಎರಡು ಸೇರಿದರೆ ಫಿಷರ್ ಪಟ್ಟ ಶ್ರಮವೆಲ್ಲ ನೀರುಪಾಲು.

ನನಗೆ ಇವರೆಲ್ಲರಿಗಿಂತ ದೊಡ್ಡವನಾಗಿ ಕಾಣುವುದು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹ್ಯೂಸ್. ಜಮ್ಷೆಟ್ಜಿ ಟಾಟಾ ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆದ 1877ರಲ್ಲೇ ಅವನು ಬಿಗಿ-ಸಡಿಲ ಮಾಡಬಹುದಾದ ಬೇರಿಂಗಿಗೆ ಪೇಟೆಂಟ್ ಪಡೆದ. ಇಂದಿನ ಕಪ್ ಮತ್ತು ಕೋನ್ ಆ ದಾರಿಯಲ್ಲೇ ಬಂದವು. ಹಬ್ಬಿನೊಳಗೆ ಬಟ್ಟಲಿನಂಥ ಕಪ್, ಆಕ್ಸಲ್ ಮೇಲೆ ತಿರುಪಿನ ಕೋನ್, ನಡುವೆ ಛರ್ರೆ, ಗ್ರೀಸು. ಸವೆದಂತೆ ಕೋನನ್ನು ಒಂದಿಷ್ಟು ಒಳಗೆ ತಿರುಗಿಸಿದರಾಯಿತು. ಸವೆಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಕೆಲಸ ಇದು.

ಆದರೆ ಈ ಅನುಕೂಲವೇ ದುರುಪಯೋಗಕ್ಕೂ ದಾರಿ. ಸೈಕಲ್ ಎತ್ತಿ ರಿಮ್ಮನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ. ‘ಟಕ್ ಟಕ್’ ಎಂದರೆ ಪ್ಲೇ ಇದೆ. ಹೆಚ್ಚಿನವರು ಅಷ್ಟಕ್ಕೇ ಕೋನ್ ಬಿಗಿ ಮಾಡಿ ಕಳಿಸುತ್ತಾರೆ; ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಇದಕ್ಕೆ ಪ್ಯಾಚ್ ಎಂಬ ಗೌರವದ ಹೆಸರಿದೆ. ಚಕ್ರ ಬಿಚ್ಚಿ ಆಕ್ಸಲನ್ನು ಬೆರಳಲ್ಲಿ ತಿರುಗಿಸಿದಾಗಲೇ ಒಳಗಿನ ಸುದ್ದಿ ತಿಳಿಯುವುದು. ಬೆಣ್ಣೆಯಂತೆ ತಿರುಗಿದರೆ ಸರಿ. ಮರಳಿನ ಮೇಲೆ ಎಳೆದಂತಾದರೆ ಬಿಚ್ಚಿ ತೊಳೆಯಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಡೆದರೆ ಕೋನಿನಲ್ಲಿ ಗುಳಿ ಬಿದ್ದಿದೆ. ಎಲ್ಲಕ್ಕಿಂತ ಮೊದಲು ಸಾಯುವುದು ಕೋನ್. ಕಪ್ಪು ಚಕ್ರದೊಂದಿಗೆ ತಿರುಗುವುದರಿಂದ ಭಾರ ಅದರ ಸುತ್ತಲೂ ಹಂಚಿಹೋಗುತ್ತದೆ. ಕೋನ್ ತಿರುಗದು, ಭಾರ ಸದಾ ಅದರ ಕೆಳಮೈಗೇ. ಗುಂಡು ತಾಗುವ ಜಾಗವೋ ಚುಕ್ಕಿಯಷ್ಟು. ಅಷ್ಟು ಸಣ್ಣ ಜಾಗದಲ್ಲಿ ಎಂಥ ಒತ್ತಡ ಹುಟ್ಟುತ್ತದೆಂಬ ಲೆಕ್ಕವನ್ನು 1880ರ ದಶಕದ ಆರಂಭದಲ್ಲಿ ಕೊಟ್ಟವನು ಹೈನ್ರಿಷ್ ಹರ್ಟ್ಸ್, ಮುಂದೆ ರೇಡಿಯೋ ತರಂಗಗಳಿಂದ ಹೆಸರಾದವನು. ಎಂ.ಟೆಕ್‌ನಲ್ಲಿ ಬರೀ ಸೂತ್ರವಾಗಿದ್ದ ಆ ಲೆಕ್ಕವನ್ನು ಸವೆದ ಕೋನಿನ ಮೇಲೆ ಉಗುರಿನಲ್ಲಿ ಮುಟ್ಟಿ ನೋಡಬಹುದು. ಗುಳಿ ಬಿದ್ದ ಕೋನಿಗೆ ಹೊಸ ಛರ್ರೆ ಹಾಕಿದರೆ ಕೆಲವೇ ದಿನದಲ್ಲಿ ಅವೂ ಕೆಡುತ್ತವೆ.

ಸ್ವಾತಂತ್ರ್ಯದ ನಂತರ ಸೋನಿಪತ್‌ನಲ್ಲಿ ಅಟ್ಲಾಸ್, ಆಸನ್ಸೋಲ್‌ನಲ್ಲಿ ಸೇನ್-ರಾಲೆ, ಅಂಬತ್ತೂರಿನಲ್ಲಿ ಟಿ.ಐ., 1956ರಲ್ಲಿ ಲೂಧಿಯಾನದ ಹೀರೋ ಹೀಗೆ ಕಾರ್ಖಾನೆಗಳು ಬಂದಾಗ ಎಲ್ಲರೂ ಹಿಡಿದದ್ದು ಇದೇ ಇಂಗ್ಲಿಷ್ ಮಾದರಿಯನ್ನು. ಹಾಗಾಗಿ ಎರಡು ಸ್ಪ್ಯಾನರ್, ಒಂದು ಡಬ್ಬ ಗ್ರೀಸು, ಸೀಮೆಎಣ್ಣೆಯ ತಟ್ಟೆ ಇದ್ದವನು ಮರದ ನೆರಳಲ್ಲೇ ಅಂಗಡಿ ಇಡಬಹುದಿತ್ತು. ಅವನ ಕೆಲಸಕ್ಕೆ ಊರೂರಲ್ಲೂ ‘ಓವರಾಯಿಲಿಂಗ್’ ಎಂದೇ ಹೆಸರು. ಓವರ್‌ಹಾಲಿಂಗ್ ಎಂದು ತಿದ್ದಹೋಗಬೇಡಿ. ಎಣ್ಣೆ ಇರುವ ಮಾತೇ ಹೆಚ್ಚು ಅರ್ಥವಂತವಾಗಿದೆ. ನಾಗಪುರದಲ್ಲಂತೂ ಅದು ವರ್ಷದ ವ್ರತ. ಮೇ ತಿಂಗಳ 45 ಡಿಗ್ರಿ ಬಿಸಿಲಿಗೆ ಗ್ರೀಸು ನೀರಾಗುತ್ತದೆ, ವಿದರ್ಭದ ಕರಿಮಣ್ಣಿನ ಧೂಳು ಒಳಗೆ ಸೇರುತ್ತದೆ, ಜೂನಿನ ಮಳೆ ಎರಡನ್ನೂ ಕಲಸುತ್ತದೆ. ಇದೇ ಜಾತಿಯ ಹಬ್ಬಿನ ಮೇಲೆ ಇಬ್ಬರನ್ನು, ಮೂವರನ್ನು ಕೂರಿಸಿಕೊಂಡು ಎಳೆದ ಸೈಕಲ್ ರಿಕ್ಷಾದವರಿಗೆ ಬೇರಿಂಗ್ ಕೆಟ್ಟ ದಿನ ಕೂಲಿಯೂ ಕೆಟ್ಟಂತೆ.

ಆ ಗಿರಾಕಿ ಈಗ ಕರಗುತ್ತಿದ್ದಾನೆ. 2015ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಇ-ರಿಕ್ಷಾಗಳಿಗೆ ಕಾನೂನಿನ ದಾರಿ ಮಾಡಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ತಪ್ಪಿದ್ದು ಒಳ್ಳೆಯದೇ, ಅದಕ್ಕಾಗಿ ಕಣ್ಣೀರು ಬೇಡ. ಗೇರ್ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಮುಚ್ಚಿದ ಕಾರ್ಟ್ರಿಜ್ ಬೇರಿಂಗ್. ಧೂಳು ನುಗ್ಗುವುದು ಕಡಿಮೆ, ಕೆಟ್ಟರೆ ಬಡಿದು ತೆಗೆದು ಹೊಸದನ್ನು ಕೂರಿಸುವುದು. ಕೋನ್ ಹಿಡಿದು ಲಾಕ್‌ನಟ್ ಬಿಗಿಯುವಾಗ ಬೆರಳಿಗೆ ತಿಳಿಯುತ್ತಿದ್ದ ಹದ ಅದಕ್ಕೆ ಬೇಕಿಲ್ಲ. ಜಪಾನಿನ ಶಿಮಾನೊ ಮಾತ್ರ ತನ್ನ ದುಬಾರಿ ಹಬ್ಬುಗಳಲ್ಲೂ ಕಪ್-ಕೋನನ್ನೇ ಉಳಿಸಿಕೊಂಡಿದೆ, ಆದ್ದರಿಂದ ಇದು ಬಡವರ ಹಳೆಯ ತಂತ್ರ ಎನ್ನುವಂತಿಲ್ಲ.

ಪೆಟ್ಟು ಬೀಳುವುದು ಹಳೆಯ ಸೈಕಲ್ ಇಟ್ಟುಕೊಂಡವರಿಗೆ, ಅಂದರೆ ಇವತ್ತಿಗೂ ಹಾಲಿನವನಿಗೆ, ವಾಚ್‌ಮನ್‌ಗೆ. ಕರ್ನಾಟಕ ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತಲ್ಲ, ಅಲ್ಲೂ ಇದೇ ಪ್ರಶ್ನೆ. ಕೋನುಗಳ ತಿರುಪು, ಬಾಗು ಒಂದೊಂದು ಹಬ್ಬಿಗೂ ಒಂದೊಂದು ತೆರ. ಸೀತಾಬರ್ಡಿಯ ಅಂಗಡಿಯವರ ಬಳಿ ಹಳೆಯ ಕೋನುಗಳ ಡಬ್ಬವೊಂದಿದೆ. ಅದರಲ್ಲಿ ಜೋಡಿ ಸಿಕ್ಕರೆ ಅರ್ಧ ಗಂಟೆಯ ಕೆಲಸ. ಸಿಗದಿದ್ದರೆ ಹಬ್ಬನ್ನೇ ಬದಲಿಸಬೇಕು, ಅಂದರೆ ಹಿಂದಿನ ಚಕ್ರದ 40 ಕಡ್ಡಿಗಳನ್ನೂ ಬಿಚ್ಚಿ ಮತ್ತೆ ಹೆಣೆಯಬೇಕು. ಆ ಡಬ್ಬ ಈಗ ಮುಕ್ಕಾಲು ಖಾಲಿ.