ಹಾಸ್ಪೈಸ್ ನೋವು ಶಮನದಲ್ಲಿ ಸಮಾಜ ಕಾರ್ಯಕರ್ತರು

ವಾಸಿಯಾಗದ ರೋಗಿಗಳ ಕೊನೆಯ ದಿನಗಳ ಆರೈಕೆಗೆ ಮೀಸಲಾದ ಹಾಸ್ಪೈಸ್‌ಗಳಲ್ಲಿ ನೋವೆಂದರೆ ದೇಹದ ಯಾತನೆಯಷ್ಟೇ ಅಲ್ಲ, ಸಾಲ, ಒಂಟಿತನ, ಮಕ್ಕಳ ಚಿಂತೆಯೂ ಅದರೊಳಗಿವೆ ಎಂಬ ‘ಸಮಗ್ರ ನೋವಿನ’ ಪರಿಕಲ್ಪನೆಯನ್ನು ಕೊಟ್ಟವರು, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್. ವೈದ್ಯೆಯಾಗುವ ಮೊದಲು ಅವರು ದಾದಿಯೂ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೂ ಆಗಿದ್ದರೆಂಬುದು ಗಮನಾರ್ಹ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ನೀಡುತ್ತಿದೆ. ಮಾರ್ಫಿನ್ ಬರೆದುಕೊಡುವುದು ವೈದ್ಯರ ಕೆಲಸವಾದರೂ, ಅದು ಚಟ ಹಿಡಿಸೀತೆಂಬ ಮನೆಯವರ ಅಂಜಿಕೆಯನ್ನು ಬಿಡಿಸುವುದು, ರೋಗಿ ಹೇಳದೆ ನುಂಗಿಕೊಂಡ ನೋವನ್ನು ಮಾತಿಗೆ ತರುವುದು ಸಮಾಜ ಕಾರ್ಯಕರ್ತರ ಪಾಲಿನದು, ಮತ್ತು ಇದು ಔಷಧಕ್ಕಿಂತ ಕಡಿಮೆ ತೂಕದ್ದಲ್ಲ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಊರುಗಳಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಅಲೆಯಬೇಕಾದ ಕೂಲಿ ಕುಟುಂಬಗಳಲ್ಲಿ ದಾರಿಖರ್ಚಿನ ಕೊರತೆಯಿಂದಲೇ ಮಾತ್ರೆ ತಪ್ಪಬಹುದಾದ್ದರಿಂದ, ಪಿಂಚಣಿ, ಪಡಿತರದ ಕಾಗದಪತ್ರ ಮಾಡಿಸಿಕೊಡುವುದೂ ನೋವು ಶಮನದ ಭಾಗವೇ ಆಗುತ್ತದೆ.