ಕೂರುವ ಹಕ್ಕು: ಕಲ್ಲಿಕೋಟೆಯ ಬಟ್ಟೆ ಅಂಗಡಿ ಮಹಿಳೆಯರು ಕೇಳಿ ಪಡೆದ ಕಾನೂನು

ಪೆರ್ನಾಲ್ ಹತ್ತಿರ ಬಂದರೆ, ಮದುವೆ ಸೀಸನ್ ಶುರುವಾದರೆ ಕಾಸರಗೋಡು, ಉಪ್ಪಳ, ಕುಂಬಳೆಯ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೀರೆ, ಚೂಡಿದಾರ್ ಬಿಡಿಸಿ ತೋರಿಸಿ ಮತ್ತೆ ಮಡಚಿಡುವ ಸೇಲ್ಸ್‌ಗರ್ಲ್‌ಗಳು ಬೆಳಗ್ಗಿನಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇವರು ಕೂರಬಹುದೇ? ಕೇರಳದಲ್ಲಿ 2018ರಿಂದ ಇದು ಮಾಲಕರ ದಯೆಯ ವಿಷಯವಲ್ಲ, ಕಾನೂನಿನ ಹಕ್ಕು. ಅದರ ಹಿಂದೆ ಇರುವವರು ದೊಡ್ಡ ನಾಯಕರಲ್ಲ, ಕೌಂಟರ್‌ನಲ್ಲಿ ನಿಂತು ದುಡಿಯುತ್ತಿದ್ದ ಹೆಂಗಸರು.

ಹೋರಾಟ ಶುರುವಾದದ್ದು ಕೂರುವ ವಿಷಯಕ್ಕೂ ಅಲ್ಲ, ಶೌಚಾಲಯಕ್ಕೆ. ಕಲ್ಲಿಕೋಟೆಯ ಮಿಠಾಯಿ ತೆರುವಿನ ಎಷ್ಟೋ ಅಂಗಡಿಗಳಲ್ಲಿ ಕೆಲಸದ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಹತ್ತಿರದ ಹೋಟೆಲಿಗೆ ಹೋಗಬೇಕು, ಇಲ್ಲವೇ ಮನೆ ಮುಟ್ಟುವವರೆಗೆ ತಡೆದುಕೊಳ್ಳಬೇಕು. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು, ಮೂತ್ರದ ಸೋಂಕು ಮಾಮೂಲಿಯಾಯಿತು. ಹೊರಗೆ ಹೇಳಲು ನಾಚಿಕೆ. ಅದೇ ಬೀದಿಯಲ್ಲಿ ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಇವರನ್ನೆಲ್ಲ ಒಟ್ಟು ಸೇರಿಸಿ ‘ಪೆಣ್‌ಕೂಟ್ಟ್’ (ಹೆಣ್ಣುಮಕ್ಕಳ ಕೂಟ) ಕಟ್ಟಿದರು. ಈ ನಾಚಿಕೆಯ ವಿಷಯವನ್ನು ಬೀದಿಯಲ್ಲಿ ನಿಂತು ಜೋರಾಗಿ ಹೇಳಿದ್ದೇ ಅವರ ಮೊದಲ ಗೆಲುವು ಅನ್ನಬೇಕು.

ಆಮೇಲೆ ಬಂದದ್ದು ‘ಇರಿಕ್ಕಲ್ ಸಮರಂ’, ಅಂದರೆ ಕೂರುವ ಹೋರಾಟ. ಕೂತರೆ, ಗೋಡೆಗೆ ಒರಗಿದರೆ ಸಂಬಳ ಕಡಿತ ಎಂಬ ದೂರುಗಳಿದ್ದವು. ಕಾಲುನೋವು, ನರ ಉಬ್ಬುವುದು, ಬೆನ್ನುನೋವಿನಿಂದ ನರಳಿದವರು ಬಹಳ. ಹಳೆಯ ಯೂನಿಯನ್‌ಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳದಿದ್ದಾಗ ಅಸಂಘಟಿತ ವಲಯದ ಕಾರ್ಮಿಕರಿಗಾಗಿ ಇವರೇ ಬೇರೆ ಯೂನಿಯನ್ ಮಾಡಿಕೊಂಡರು. 2014ರ ಕೊನೆಗೆ ತ್ರಿಶ್ಶೂರಿನ ಒಂದು ದೊಡ್ಡ ಸೀರೆ ಮಳಿಗೆಯ ಆರು ಮಂದಿ ಹೆಂಗಸರು, ಯೂನಿಯನ್ ಸೇರಿದ ಮೇಲೆ ದೂರದ ಊರಿಗೆ ವರ್ಗವಾದಾಗ, ಅಂಗಡಿ ಎದುರು ಧರಣಿ ಕೂತರು. ಅದು ನೂರು ದಿನ ದಾಟಿತು.

2018ರ ಅಕ್ಟೋಬರ್‌ನಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ಪ್ರತಿ ಅಂಗಡಿಯಲ್ಲೂ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಅವಕಾಶ ಸಿಕ್ಕಾಗ ಕೂರಲು ಬಿಡಬೇಕು. ಹಕ್ಕು ಗಂಡಸರಿಗೂ ಇದೆ! ರಾತ್ರಿ 9ರ ನಂತರ ಹೆಂಗಸರನ್ನು ದುಡಿಸುವುದಾದರೆ ಅವರ ಒಪ್ಪಿಗೆ, ಕನಿಷ್ಠ ಐದು ಮಂದಿಯ ಗುಂಪು, ಅದರಲ್ಲಿ ಇಬ್ಬರಾದರೂ ಹೆಂಗಸರು, ಮನೆಗೆ ವಾಹನ, ಇಷ್ಟು ಬೇಕು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯ ಹೆಸರು ಬಂತು. 2021ರಲ್ಲಿ ತಮಿಳುನಾಡು ಸಹ ಕೂರುವ ಹಕ್ಕಿನ ತಿದ್ದುಪಡಿ ಮಾಡಿತು. ಹೊಸೂರು, ತಾಳವಾಡಿ, ನೀಲಗಿರಿಯ ಕನ್ನಡಿಗ ಹೆಣ್ಣುಮಕ್ಕಳಿಗೂ ಅದು ಅನ್ವಯ.

ಆದರೆ ಮೂಲೆಯಲ್ಲಿ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಬಟ್ಟೆಯ ಕಟ್ಟು ಪೇರಿಸಿದರೆ ಕಾನೂನು ಪಾಲಿಸಿದಂತಲ್ಲ. ಯಾರೂ ಬಾಯಿ ಬಿಡದಿದ್ದರೆ ಅಧಿಕಾರಿಗೆ ಗೊತ್ತಾಗುವುದೂ ಕಷ್ಟ. ಒಬ್ಬಳೇ ಕೇಳಿದರೆ ‘ನಾಳೆಯಿಂದ ಬರಬೇಡ’ ಎಂಬ ಮಾತು ಬರಬಹುದು. ನಾಲ್ಕು ಮಂದಿ ಸಹಿ ಹಾಕಿ ಕೊಟ್ಟ ಅರ್ಜಿಗೆ ಹಾಗೆ ಹೇಳುವುದು ಅಷ್ಟು ಸುಲಭವಲ್ಲ. ಮೊದಲು ಮಾಲಕರಿಗೆ ಬರಹದಲ್ಲಿ ಕೇಳಿ ಪ್ರತಿ ಇಟ್ಟುಕೊಳ್ಳಬೇಕು. ಕೆಲಸದ ಸಮಯ, ಕಡಿತವಾದ ಸಂಬಳ, ತಾರೀಕು ಬರೆದಿಡಬೇಕು. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ದೂರು.

ಲೈಂಗಿಕ ಕಿರುಕುಳದ ದಾರಿ ಬೇರೆ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಅಂಗಡಿಯವರು, ಮನೆಗೆಲಸದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮಾಲಕರ ಮೇಲೆಯೇ ದೂರಿದ್ದರೂ ಅಲ್ಲಿಗೇ. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಮಲಯಾಳಂ ಬರೆಯಲು ಬರುವುದಿಲ್ಲ ಎಂದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವರು ಹಿಂಜರಿಯುವುದುಂಟು. ಅದರ ಅಗತ್ಯವಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು.