ಒತ್ತಡವನ್ನೂ ಬಿಸಿಯನ್ನೂ ಅರಿಯುವ ವಿದ್ಯುನ್ಮಾನ ಚರ್ಮ

ಬಾಗುವ, ಹಿಗ್ಗುವ ತೆಳುಹಾಳೆಯ ಮೇಲೆ ಒತ್ತಡ, ತಾಪ ಮುಂತಾದವನ್ನು ಗುರುತಿಸುವ ಸಂವೇದಕಗಳನ್ನು ಹರಡಿ ರಚಿಸಿದ ಸಾಧನವೇ ವಿದ್ಯುನ್ಮಾನ ಚರ್ಮ. ರೋಬಾಟ್‌ಗಳಿಗೆ ಸ್ಪರ್ಶಜ್ಞಾನ ಕೊಡುವುದು, ಕೈ ಕಳೆದುಕೊಂಡವರ ಕೃತಕ ಕೈಗೆ ಅರಿವು ತುಂಬುವುದು ಇದರ ಮುಖ್ಯ ಗುರಿಗಳು. ಇದಕ್ಕೆ ಮಾದರಿ ಮನುಷ್ಯನ ಚರ್ಮವೇ. ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಬದಿಯಲ್ಲಿ ಸುಮಾರು 17,000 ಸ್ಪರ್ಶಗ್ರಾಹಕಗಳಿವೆ. ಒತ್ತು, ಕಂಪನ, ಎಳೆತಗಳಿಗೆ ಬೇರೆ ಬೇರೆ ಗ್ರಾಹಕಗಳು. ಬಿಸಿಗೂ ತಂಪಿಗೂ ಪ್ರತ್ಯೇಕ ನರತುದಿಗಳು.

ಮೊದಲ ಪ್ರಯತ್ನಗಳು ಒರಟಾಗಿದ್ದವು. 1980ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ರೋಬಾಟ್ ತೋಳಿಗೆ ಹೊದಿಸಿದ ಹಾಳೆಯಲ್ಲಿ ಸುಮಾರು 5 ಸೆಂಟಿಮೀಟರಿಗೊಂದರಂತೆ ಅವಕೆಂಪು ಸಂವೇದಕಗಳಿದ್ದವು. ಅಡ್ಡ ಬಂದ ವಸ್ತುವಿಗೆ ತಾಗುವ ಮುನ್ನ ತೋಳು ಹಿಂದೆ ಸರಿಯಲು ಅಷ್ಟು ಸಾಕಾಗಿತ್ತು. ಬೆರಳ ತುದಿಯ ಸೂಕ್ಷ್ಮತೆಗೆ ಸಾಲುತ್ತಿರಲಿಲ್ಲ. ಸಿಲಿಕಾನ್ ಚಿಪ್ಪು ಗಡುಸು, ಬಾಗಿಸಿದರೆ ಒಡೆಯುತ್ತದೆ. ಹಾಗಾಗಿ ಮುಂದಿನ ಎರಡು ದಶಕಗಳ ಶ್ರಮ ಬಹುಪಾಲು ಮೆದು ವಸ್ತುಗಳ ಹುಡುಕಾಟಕ್ಕೇ ಹೋಯಿತು.

ತಿರುವು ಬಂದದ್ದು ಟೋಕಿಯೊ ವಿಶ್ವವಿದ್ಯಾಲಯದಲ್ಲಿ. ತಕಾವೊ ಸೊಮೆಯಾ ಅವರ ತಂಡ 2004ರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾವಯವ ಟ್ರಾನ್ಸಿಸ್ಟರುಗಳ ಜಾಲ ರಚಿಸಿ, ವಿದ್ಯುತ್ ಹರಿಸುವ ರಬ್ಬರಿನ ನೆರವಿನಿಂದ ಒತ್ತಡವನ್ನು ಅಳೆಯಿತು. ಮರುವರ್ಷವೇ ಹಾಳೆಯನ್ನು ಬಲೆಯಂತೆ ಕತ್ತರಿಸಿ, ಒತ್ತಡದ ಜಾಲದ ಜತೆಗೆ ತಾಪವನ್ನು ಅಳೆಯುವ ಇನ್ನೊಂದು ಜಾಲವನ್ನೂ ಜೋಡಿಸಿತು. ಆ ಬಲೆ 25% ಹಿಗ್ಗುತ್ತಿತ್ತು, ಮೊಟ್ಟೆಯಂಥ ಉಬ್ಬುಮೈಗೂ ಅಂಟಿ ಕೂರುತ್ತಿತ್ತು. ಒತ್ತಡ ಮತ್ತು ತಾಪ ಒಂದೇ ಚರ್ಮದಲ್ಲಿ ಒಟ್ಟಿಗೆ ಇರಬೇಕೆಂಬ ಆಶಯ ಇಲ್ಲಿಂದ ಗಟ್ಟಿಯಾಯಿತು.

ಒತ್ತಡದ ಸೂಕ್ಷ್ಮತೆಯಲ್ಲಿ ದೊಡ್ಡ ಜಿಗಿತ 2010ರದ್ದು. ಸ್ಟ್ಯಾನ್‌ಫರ್ಡ್‌ನ ಝೆನಾನ್ ಬಾವೊ ಅವರ ತಂಡ ಎರಡು ವಿದ್ಯುದ್ವಾರಗಳ ನಡುವೆ ರಬ್ಬರನ್ನಿಟ್ಟು ಧಾರಕ, ಅಂದರೆ ಕೆಪ್ಯಾಸಿಟರ್ ಮಾಡಿಕೊಂಡಿತ್ತು. ಸಪಾಟು ರಬ್ಬರನ್ನು ಒತ್ತಿದರೆ ಅದಕ್ಕೆ ಸರಿಯಲು ಎಡೆ ಸಿಗದು. ಕೈ ತೆಗೆದ ಮೇಲೆ ಮೊದಲಿನಂತಾಗಲು ತಡವೂ ಆಗುತ್ತದೆ. ಅದಕ್ಕಾಗಿ ರಬ್ಬರಿನ ಮೈಯನ್ನೇ ಕೆಲವೇ ಮೈಕ್ರೊಮೀಟರ್ ಗಾತ್ರದ ಪಿರಮಿಡ್ಡುಗಳ ಸಾಲಾಗಿ ಎರಕ ಹೊಯ್ಯಲಾಯಿತು. ಒತ್ತಿದಾಗ ಪಿರಮಿಡ್ಡಿನ ತುದಿ ಚಪ್ಪಟೆಯಾಗಿ ನಡುವಿನ ಗಾಳಿಯ ಜಾಗವನ್ನು ರಬ್ಬರು ತುಂಬುತ್ತದೆ, ಧಾರಣಶಕ್ತಿ ಏರುತ್ತದೆ. ಬಿಟ್ಟೊಡನೆ ತುದಿ ಮತ್ತೆ ಎದ್ದು ನಿಲ್ಲುತ್ತದೆ. 20 ಮಿಲಿಗ್ರಾಂ ತೂಕದ ನೊಣ ಬಂದು ಕೂತರೂ ಈ ಹಾಳೆಗೆ ತಿಳಿಯುತ್ತಿತ್ತು. ಅದೇ ವರ್ಷ ಬರ್ಕ್ಲಿಯಲ್ಲಿ ಅಲಿ ಜಾವಿ ಅವರ ತಂಡ ನ್ಯಾನೊತಂತಿಗಳಿಂದ 5 ವೋಲ್ಟಿಗೂ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಒತ್ತಡ-ಚರ್ಮವನ್ನು ರೂಪಿಸಿತು.

ತಾಪದ ಕಡೆಗೂ ಕೆಲಸ ಸಾಗಿತು. 2015ರಲ್ಲಿ ಟೋಕಿಯೊದ ತಂಡ ಪಾಲಿಮರ್ ಮತ್ತು ಗ್ರಾಫೈಟ್ ಬೆರೆಸಿ, ದೇಹತಾಪದ ಆಸುಪಾಸಿನಲ್ಲಿ 0.02 ಡಿಗ್ರಿ ಸೆಲ್ಸಿಯಸ್‌ನ ವ್ಯತ್ಯಾಸವನ್ನೂ ಹಿಡಿಯುವ ಹಾಳೆಯನ್ನು ತಯಾರಿಸಿತು. 2017ರಲ್ಲಿ ಕ್ಯಾಲ್ಟೆಕ್‌ನ ಕಿಯಾರಾ ದರಾಯೊ ಮತ್ತು ಸಂಗಡಿಗರು ಜ್ಯಾಮ್ ಗಟ್ಟಿಯಾಗಲು ಬಳಸುವ ಪೆಕ್ಟಿನ್‌ನಿಂದಲೇ ತಾಪಸಂವೇದಕ ಮಾಡಿದರು. ತಾಪ ಏರಿದಂತೆ ಪೆಕ್ಟಿನ್ ಎಳೆಗಳ ಹಿಡಿತ ಸಡಿಲಗೊಂಡು ಕ್ಯಾಲ್ಸಿಯಂ ಅಯಾನುಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ರೋಧ ತಗ್ಗುತ್ತದೆ. ಕತ್ತಲಲ್ಲಿ ಬೇಟೆಯ ಮೈಬಿಸಿಯನ್ನು ಅರಿಯುವ ಗುಳಿಮಂಡಲ ಹಾವುಗಳ ಅಂಗದಲ್ಲೂ ಅಯಾನುಗಳ ಹರಿವೇ ಸಂಕೇತವಾಗುತ್ತದೆ.

ಇಷ್ಟಾದರೂ ಮೂಲ ತೊಡಕು ಉಳಿದಿತ್ತು. ಬೆಚ್ಚಗಿನ ಬೆರಳು ಸೋಕಿದಾಗ ಸಂವೇದಕದಲ್ಲಿ ಆದ ಬದಲಾವಣೆ ಒತ್ತಿದ್ದರಿಂದಲೋ, ಬಿಸಿಯಿಂದಲೋ, ಹಾಳೆ ಹಿಗ್ಗಿದ್ದರಿಂದಲೋ? ಈ ಕ್ಷೇತ್ರದ ನಿಜವಾದ ಪರೀಕ್ಷೆ ಇದೇ. ಸೂಕ್ಷ್ಮತೆಯ ದಾಖಲೆಗಳು ಇದರ ಮುಂದೆ ಎರಡನೆಯವು. 2020ರಲ್ಲಿ ದಕ್ಷಿಣ ಕೊರಿಯಾದ ಪೊಸ್ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಅಯಾನು ವಾಹಕವೊಂದರಲ್ಲಿ ಉತ್ತರ ಕಂಡರು. ಅದರಲ್ಲಿ ವಿದ್ಯುದಂಶ ಸಡಿಲಗೊಳ್ಳಲು ಹಿಡಿಯುವ ಸಮಯ ಎಳೆತಕ್ಕೆ ಬದಲಾಗುವುದಿಲ್ಲ, ತಾಪಕ್ಕೆ ಮಾತ್ರ ಬದಲಾಗುತ್ತದೆ. ಆ ಸಮಯದಿಂದ ತಾಪವನ್ನು ತಿಳಿದು, ಧಾರಣಶಕ್ತಿಯಿಂದ ಎಳೆತವನ್ನು ಲೆಕ್ಕಹಾಕಿದರೆ ಒಂದೇ ಗ್ರಾಹಕ ಎರಡನ್ನೂ ಬೇರ್ಪಡಿಸಿ ಹೇಳಬಲ್ಲದು.

ಅರಿತದ್ದನ್ನು ನರಕ್ಕೆ ತಲುಪಿಸುವುದು ಬೇರೆಯೇ ಕೆಲಸ. ನರಗಳು ವೋಲ್ಟೇಜಿನ ಏರಿಳಿತವನ್ನಲ್ಲ, ಮಿಡಿತಗಳ ದಟ್ಟಣೆಯನ್ನು ಓದುತ್ತವೆ. ಬಾವೊ ತಂಡ 2015ರಲ್ಲಿ ಒತ್ತಡ ಹೆಚ್ಚಿದಂತೆ ಸೆಕೆಂಡಿಗೆ 200ರವರೆಗೆ ಮಿಡಿತ ಹೊಮ್ಮಿಸುವ ಸರ್ಕಿಟ್ಟನ್ನು ರಚಿಸಿ, ಬೆಳಕಿನ ಮೂಲಕ ಇಲಿಯ ಮಿದುಳಿನ ನರಕೋಶಗಳನ್ನು ಅದಕ್ಕೆ ಸ್ಪಂದಿಸುವಂತೆ ಮಾಡಿತು. 2023ರ ಹೊತ್ತಿಗೆ ಅಂಥ ಮೆದು ಚರ್ಮ ಇಲಿಯ ಮಿದುಳಿಗೆ ಸಂಕೇತ ಕಳಿಸಿ, ಅಲ್ಲಿಂದ ಬಂದ ಪ್ರತಿಕ್ರಿಯೆಯನ್ನು ಕೃತಕ ನರಸಂಧಿಯ ಮೂಲಕ ಕಾಲಿಗೆ ಮುಟ್ಟಿಸಿ ಕಾಲು ಅದುರುವಂತೆ ಮಾಡಿತು.

ಮನುಷ್ಯರಲ್ಲಿ ತಾಪದ ಅರಿವನ್ನು ಮರಳಿಸುವ ದಾರಿ ಸದ್ಯಕ್ಕೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ತೆರೆದಿದೆ. 2023ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಂತ್ರಜ್ಞಾನ ಸಂಸ್ಥೆ ಭಾಗವಹಿಸಿದ ಅಧ್ಯಯನವೊಂದರಲ್ಲಿ ಉಳಿದ ತೋಳಿನ ಚರ್ಮವನ್ನು ಬಿಸಿ ಅಥವಾ ತಣ್ಣಗೆ ಮಾಡಿದಾಗ, ಕೈ ಕಳೆದುಕೊಂಡ 27 ಮಂದಿಯಲ್ಲಿ 17 ಮಂದಿಗೆ ಆ ಬಿಸಿ ಅಥವಾ ತಂಪು ಕಳೆದುಹೋದ ಕೈಯಲ್ಲೇ ಅನುಭವಕ್ಕೆ ಬಂತು. ಕೃತಕ ಬೆರಳಿನ ಸಂವೇದಕ ಮುಟ್ಟಿದ ವಸ್ತುವಿನ ತಾಪವನ್ನು ಹೀಗೆ ತೋಳಿಗೆ ದಾಟಿಸಬಹುದು. ಬಹಳ ದಿನ ಬಾಳುವುದು, ಬೆವರನ್ನು ತಡೆಯುವುದು, ಸಾವಿರಾರು ಸಂವೇದಕಗಳ ತಂತಿಗಳನ್ನು ಹೊಂದಿಸುವುದು ಇನ್ನೂ ಬಗೆಹರಿಯಬೇಕಾದ ಕೆಲಸಗಳು. ಬೆವರಿನ ವಿಷಯದಲ್ಲಿ ಸೊಮೆಯಾ ತಂಡ 2017ರಲ್ಲೇ ಒಂದು ಹೆಜ್ಜೆ ಇಟ್ಟಿತ್ತು: ಗಾಳಿಯಾಡುವ ಚಿನ್ನದ ನ್ಯಾನೊಜಾಲರಿಯನ್ನು 20 ಮಂದಿ ಒಂದು ವಾರ ಧರಿಸಿದರೂ ಅವರ ಚರ್ಮದಲ್ಲಿ ಉರಿಯೂತ ಕಾಣಿಸಲಿಲ್ಲ.